ಅಗೆಯಬೇಡಿ ಎಂದ ಕಲ್ಲು

ಗಜೇಂದ್ರಗಡ
ಜೂನ್ ೯, ೨೦೨೪

ಇನ್ನೂ ಹುಟ್ಟದಿರುವ ಜನರ ಕ್ಷೇಮಚಿಂತಕಳೂ, ಪುಣೆಯ ಸಂಶೋಧನಾಲಯದ ಸಂಖ್ಯಾಶಾಸ್ತ್ರ ವಿಶಾರದೆಯೂ, ಸಣ್ಣವಳಿದ್ದಾಗ ನನ್ನ ಪಾಲಿನ ಶೇಂಗಾ ಉಂಡಿ ತಿಂದವಳೂ ಆದ ನಾಗರತ್ನಕ್ಕನವರ ಸನ್ನಿಧಾನಕ್ಕೆ,

ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬ, ಶ್ರದ್ಧಾಂಜಲಿ ಹಾಗೂ ಗೃಹಪ್ರವೇಶಗಳ ಆಸ್ಥಾನಕವಿಯಾಗಿ ಸೇವೆ ಸಲ್ಲಿಸುತ್ತಿರುವ ತಮ್ಮ ಶರತ ಮಾಡುವ ಅರಿಕೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಪಟ್ಟೇದಂಚಿನ ಸೀರೆ ನೇಯುತ್ತಿದ್ದಾನೆ. ಅವ್ವ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಅಪ್ಪನಿಗೆ ಬುದ್ಧಿ ಹೇಳುತ್ತಿದ್ದಾಳೆ. ಅಂದರೆ ಎಲ್ಲವೂ ಕ್ಷೇಮ.

ಆದಿತ್ಯವಾರ ಫೋನಿನಲ್ಲಿ ತಾವು ಕೇಳಿದ ಪ್ರಶ್ನೆಗೆ ಅವ್ವ ಕಿವಿಗೊಟ್ಟು ನಿಂತಿದ್ದರಿಂದ ಉತ್ತರಿಸಲಾಗಲಿಲ್ಲ. ‘ಅಣು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇನ್ನು ನಿನಗೆ ಗಂಡು ಸಿಕ್ಕ ಹಾಗೆಯೇ ಎಂದು ಅವ್ವ ಶುರುಮಾಡುತ್ತಾಳೆ. ತಮ್ಮ ಕಚೇರಿಯೊಳಗೆ ಮೊಬೈಲು ಬಿಡುವುದಿಲ್ಲ, ಅಂಚೆಯವನನ್ನು ಬಿಡುತ್ತಾರೆ ಎಂದಿರಿ. ಆದಕಾರಣ ಈ ಪತ್ರ.

ಪ್ರಶ್ನೆ: ನಮ್ಮ ಕಡೆಯ ಒಂದು ಬೋಳು ನೆಲದ ಅಡಿಯಲ್ಲಿ ಸರಕಾರ ಕೆಟ್ಟದ್ದೇನನ್ನೋ ಹೂಳಿ, ಬೇಲಿ ಹಾಕಿ, ‘ಇಲ್ಲಿ ಅಗೆಯಬೇಡಿ’ ಎಂದು ಕಲ್ಲು ನಿಲ್ಲಿಸಿದರೆ ಜನ ಎಷ್ಟು ವರ್ಷ ಆ ಮಾತು ಕೇಳಬಹುದು?

ಉತ್ತರ: ಬೇಲಿಯ ತಂತಿ ಮೊದಲ ತಿಂಗಳೇ ಯಾರದೋ ಹಿತ್ತಲಿಗೆ ಹೋಗುತ್ತದೆ. ಕಂಬಗಳು ದನದ ಕೊಟ್ಟಿಗೆಗೆ ಆಗುತ್ತವೆ. ತಗಡಿನ ಬೋರ್ಡು ಮಳೆಗಾಲದ ಹೊತ್ತಿಗೆ ಕೋಳಿಗೂಡಿನ ಮಾಳಿಗೆಯಾಗುತ್ತದೆ. ಕಲ್ಲು ಮಾತ್ರ ಉಳಿಯುತ್ತದೆ. ಕಲ್ಲು ಉಳಿಯುವುದರಿಂದಲೇ ಜನ ಅಗೆಯುತ್ತಾರೆ. ರೋಣದ ಕಡೆ, ನರಗುಂದದ ಕಡೆ ಹಳೇ ಗುಡಿಗಳ ಮುಂದಿನ ಶಾಸನಗಳನ್ನು ನೋಡಿದ್ದೀರಲ್ಲ. ಈ ದತ್ತಿಯನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗುತ್ತಾನೆ ಎಂದು ಕೊರೆದಿದ್ದಾರೆ. (ಅವರ ಲೆಕ್ಕ ಅರವತ್ತು ಸಾವಿರ ವರ್ಷಕ್ಕೆ ಓಡುತ್ತಿತ್ತು. ನಿಮ್ಮ ಗಣಕಯಂತ್ರ ಹತ್ತು ಸಾವಿರಕ್ಕೇ ಏದುಸಿರು ಬಿಡುತ್ತದಂತೆ.) ಅಂಥ ಕಲ್ಲುಗಳ ಬುಡದಲ್ಲೆಲ್ಲ ಒಂದು ತಗ್ಗು ಇದೆ. ಏಕೆಂದರೆ ಓದಿದವನು ಯೋಚಿಸುತ್ತಾನೆ: ಕೆಳಗೆ ಏನೂ ಇಲ್ಲದೆ ಯಾರಾದರೂ ಇಷ್ಟು ಶಾಪ ಹಾಕುತ್ತಾರೆಯೇ?

ಈಗ ನನ್ನ ಪ್ರಶ್ನೆ. ಜನ ಅಗೆಯುವ ಸಂಭವ ಎಷ್ಟು ಎಂದು ನೀವು ಲೆಕ್ಕದಲ್ಲಿ ಬರೆದುಕೊಂಡಿದ್ದೀರಿ? ಮತ್ತು ಆ ನೆಲ ಯಾರ ಊರಿನದು?

ತಮ್ಮ ಚರಣಧೂಳಿಗೆ ಅಲರ್ಜಿಯುಳ್ಳ,
ಫ್ಲೆಕ್ಸ್‌ಕವಿರತ್ನ ಶರತ

~

ಪುಣೆ
ಜುಲೈ ೨, ೨೦೨೪

ಶರತ,

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿ ಒಬ್ಬಳೇ ನಕ್ಕೆ. ಏನೆಂದು ಜೊತೆಯವರು ಕೇಳಿದರು. ಹೇಗೆ ಹೇಳಲಿ ಅವರಿಗೆ.

ನೆಲಕ್ಕೆ ಹೆಸರಿಲ್ಲ. ನಮ್ಮಲ್ಲಿ ಅದು ನಾಲ್ಕನೆಯ ಸ್ಥಳ. ಇನ್ನೊಮ್ಮೆ ಕೇಳಬೇಡ, ಹೇಳುವಂತಿಲ್ಲ.

ನಾವು ಮಾಡುವುದು ಇಷ್ಟು. ಅಣುಸ್ಥಾವರದಲ್ಲಿ ಉರಿದು ಉಳಿದ ಕಸವನ್ನು ಗಾಜಿನಲ್ಲಿ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಮುಚ್ಚಿ, ಆಳದ ಬಂಡೆಯಲ್ಲಿ ಹೂಳಬಹುದೇ ಎಂಬ ವಿಚಾರ. ನಾವು ಹೂಳುವುದು ಗಣಕದೊಳಗೆ ಮಾತ್ರ. ಡಬ್ಬಿ ಎಷ್ಟು ಕಾಲ ತಾಳುತ್ತದೆ, ಬಿರುಕಿನಲ್ಲಿ ನೀರು ಎಷ್ಟು ನಿಧಾನ ಹರಿಯುತ್ತದೆ, ಮೇಲಿನ ಬಾವಿಗೆ ಯಾವಾಗ ಬರುತ್ತದೆ, ಯಾವುದೂ ಖಚಿತವಿಲ್ಲ. ಆದ್ದರಿಂದ ಒಂದೊಂದಕ್ಕೂ ಕವಡೆ ಹಾಕಿದ ಹಾಗೆ ಒಂದು ಅಂಕಿ ಬೀಳಿಸಿ, ಹತ್ತು ಸಾವಿರ ವರ್ಷ ಓಡಿಸಿ ನೋಡುತ್ತೇವೆ. ಮತ್ತೆ ಕವಡೆ, ಮತ್ತೆ ಹತ್ತು ಸಾವಿರ ವರ್ಷ. ಹೀಗೆ ಸಾವಿರಾರು ಸಲ. ಎಷ್ಟು ಸಲ ಬಾವಿಯ ನೀರು ಕುಡಿದವರಿಗೆ ಕೇಡಾಯಿತು ಎಂದು ಎಣಿಸುತ್ತೇವೆ. ಎಣಿಕೆ ಒಂದು ಗೆರೆಯ ಕೆಳಗಿದ್ದರೆ ಸ್ಥಳ ಪಾಸು, ಮೇಲೆ ಹೋದರೆ ನಪಾಸು.

ಬಂಡೆಗೆ, ನೀರಿಗೆ ಅಳತೆಗಳಿವೆ. ಮನುಷ್ಯರಿಗೆ ಇಲ್ಲ. ಎಚ್ಚರಿಕೆಯ ಕಲ್ಲನ್ನು ಮೀರಿ ಅಗೆಯುವ ಸಂಭವ ಎಷ್ಟು ಎಂದು ಐದು ಜನ ಒಂದು ಕೋಣೆಯಲ್ಲಿ ಕೂತು ಚೀಟಿಯಲ್ಲಿ ಬರೆದೆವು. ಅಳತೆ ಸಿಗದಲ್ಲಿ ಬಲ್ಲವರ ಊಹೆಯನ್ನು ಹಾಕುವುದು ಕ್ರಮ. ನನ್ನದು ಉಳಿದವರದಕ್ಕಿಂತ ಹತ್ತು ಪಟ್ಟು ಹೆಚ್ಚಿತ್ತು. ಆಧಾರವೇನು ಎಂದು ಮುಖ್ಯಸ್ಥರು ಕೇಳಿದರು. ನನ್ನ ಊರು ಅಂದೆ. ಊರು ಆಧಾರವಲ್ಲ ಅಂದರು. ನನ್ನ ಚೀಟಿಯನ್ನು ಬಿಟ್ಟು ಸರಾಸರಿ ತೆಗೆದರು.

ಅವರ ಅಂಕಿಯಲ್ಲಿ ನಾಲ್ಕನೆಯ ಸ್ಥಳ ಪಾಸಾಗುತ್ತದೆ. ನನ್ನದರಲ್ಲೂ ಹೇಗೋ ಪಾಸಾಗುತ್ತದೆ. ನೀನು ಹೇಳಿದ ಹಾಗಿದ್ದರೆ ಆಗುವುದಿಲ್ಲ.

ಅಪ್ಪನ ಕೆಮ್ಮು ಹೇಗಿದೆ? ಅವ್ವನನ್ನು ಕೇಳಿದರೆ ಗಂಡಿನ ಮಾತು ಬರುತ್ತದೆ.

ನಿನ್ನ,
ರತ್ನಾ

~

ಗಜೇಂದ್ರಗಡ
ಆಗಸ್ಟ್ ೧೮, ೨೦೨೪

ಊರನ್ನು ಆಧಾರವೆಂದು ನಂಬಿದ ಏಕೈಕ ವಿಜ್ಞಾನಿಗೆ,

ಆಧಾರ ಬೇಕೆಂದರಲ್ಲ. ಒದಗಿಸುತ್ತಿದ್ದೇವೆ.

ಒಳಕಲ್ಲು, ಬೀಸುಕಲ್ಲುಗಳ ಜಗದ್ಗುರುವಾದ ಕಾಶೀಂಸಾಬ ಕಾಕಾನಿಂದ ಎದೆಯೆತ್ತರದ ಒಂದು ಚಪ್ಪಡಿ ಕೊರೆಸಿದೆ. ಪಠ್ಯ ಈ ಕವಿಯದು: “ಎಲೈ ಮುಂಬರುವ ಮಾನವನೇ, ಈ ನೆಲದಡಿ ನಿನಗೆ ಬೇಕಾದುದೇನೂ ಇಲ್ಲ. ಇಲ್ಲಿ ಗುದ್ದಲಿ ಇಟ್ಟವನು ನೆಮ್ಮದಿಯನ್ನು ಕಾಣನು.” ಕೆಳಗೆ ಬಾಯಿ ತೆರೆದ ಒಂದು ಮೋರೆ. ಕಾಕಾ ಅದಕ್ಕೆ ಮೀಸೆ ಇಡಲೇ ಎಂದು ಕೇಳಿದ, ಬೇಡವೆಂದೆ.

ಕೊರೆದು ಮುಗಿಸಿ ಉಳಿ ಕೆಳಗಿಟ್ಟು ಕೇಳಿದ, “ಏನೂ ಇಲ್ಲಂದ್ರ ಕಲ್ಲ್ಯಾಕೋ ತಮ್ಮಾ?”

ನಿಮ್ಮ ಮುಖ್ಯಸ್ಥರಿಗಿಂತ ಕಾಕಾ ಬೇಗ ತಿಳಿದುಕೊಂಡ ಎನ್ನಬಹುದು.

ಶಗಣಿ ಬಳಿದು, ಎರಡು ಮಳೆಯಲ್ಲಿ ತೋಯಿಸಿ ಮುನ್ನೂರು ವರ್ಷ ಹಳೆಯದಾಗಿಸಿದೆ. ಗೆಳೆಯ ರಿಯಾಜನ ಟೆಂಪೋದಲ್ಲಿ ಸಾಗಿಸಿ ಗುಡ್ಡದ ಹಿಂದೆ, ಪುರ್ತಗೇರಿ ದಾರಿಯ ಬಲಕ್ಕಿರುವ ಬೋಳು ನೆಲದಲ್ಲಿ ಪ್ರತಿಷ್ಠಾಪನೆ ನೆರವೇರಿತು. ಕುರಿಗಳು ಬಿಟ್ಟರೆ ಅಲ್ಲಿಗೆ ಯಾರೂ ಬರುವುದಿಲ್ಲ. ಕೆಳಗೆ ಏನೂ ಇಲ್ಲ, ಒಂದು ಕೊಬ್ಬರಿ ಬಟ್ಟಲೂ ಇಲ್ಲ. ನಾಲ್ಕನೆಯ ಸ್ಥಳದ ತದ್ರೂಪು ಎಂದು ದಾಖಲಿಸಿಕೊಳ್ಳತಕ್ಕದ್ದು.

ಇನ್ನು ಜನ ಬರಲಿ, ನೋಡೋಣ.

ಪ್ರಯೋಗಶಾಲೆಯ ನಿರ್ದೇಶಕ,
ಶರತ

~

ಪುಣೆ
ಸೆಪ್ಟೆಂಬರ್ ೫, ೨೦೨೪

ಶರತ,

ಕೂಡಲೇ ಆ ಕಲ್ಲು ತೆಗೆ. ನಿಧಿ ಅಗೆಯುವವರು ಹೇಗಿರುತ್ತಾರೆ ಎಂದು ನಿನಗೆ ಗೊತ್ತಿಲ್ಲ. ಪೊಲೀಸರಿಗೆ ಗೊತ್ತಾದರೆ ಅಪ್ಪನ ಮರ್ಯಾದೆ ಏನಾಗುತ್ತದೆ ಯೋಚಿಸು. ಊರಿನ ನೇಕಾರರು ಜಗಳ ಬಿಡಿಸಲು ಈಗಲೂ ಅಪ್ಪನನ್ನು ಕರೆಯುತ್ತಾರೆ. ನಿನ್ನ ಹುಡುಗಾಟಕ್ಕೆ ಅದನ್ನು ಕಳೆಯಬೇಡ.

ತೆಗೆಯುವುದು ತಡವಾಗುವುದಾದರೆ, ಅಷ್ಟರಲ್ಲಿ ಯಾರಾದರೂ ಅಗೆದರೆ ನನಗೆ ತಿಳಿಸು. ತಾರೀಖು ಬೇಕು. ಎಂಥವರು, ಎಷ್ಟು ಆಳ ಅಗೆದರು ಎಂಬುದೂ.

ಮೊದಲ ಪ್ಯಾರಾ ಬರೆದವಳು ನಿನ್ನ ಅಕ್ಕ. ಎರಡನೆಯದನ್ನು ಹೊಡೆದು ಹಾಕಬೇಕೆಂದು ಬಹಳ ಹೊತ್ತು ಕೂತಿದ್ದೆ. ಹೊಡೆಯಲಿಲ್ಲ.

ರತ್ನಾ

~

ಗಜೇಂದ್ರಗಡ
ಅಕ್ಟೋಬರ್ ೧೩, ೨೦೨೪

ಎರಡು ಪ್ಯಾರಾಗಳ ಒಡತಿಗೆ,

ಮೊದಲನೆಯದನ್ನು ಗೌರವದಿಂದ ಬದಿಗಿಟ್ಟು ಎರಡನೆಯದನ್ನು ಪಾಲಿಸುತ್ತಿದ್ದೇನೆ.

ಯಾರೂ ಅಗೆದಿಲ್ಲ. ನಾನು ಸೋತ ಹಾಗೆ ಕಾಣುತ್ತದೆ. ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದಾರೆ. ಕಳೆದ ಅಮಾವಾಸ್ಯೆಗೆ ಒಂದು ಲಿಂಬೆಹಣ್ಣೂ ಬಂದಿದೆ. ತೆರೆದ ಬಾಯಿಯ ಮೋರೆಗೆ ಎಡೆ ಹಿಡಿಯುವ ಕಾಲ ದೂರವಿಲ್ಲ. ನಿಮ್ಮ ಚೀಟಿಯಲ್ಲಿ ‘ಪೂಜಿಸುವ ಸಂಭವ’ ಎಂಬ ಸಾಲಿದೆಯೇ? ಇಲ್ಲದಿದ್ದರೆ ಸೇರಿಸುವುದು.

ರೋಣದ ಕಡೆಯ ಇಬ್ಬರು ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಆ ಕಲ್ಲಿನ ಬಗ್ಗೆ ವಿಚಾರಿಸುತ್ತಿದ್ದರಂತೆ. ಆಸೆ ಇದೆ. ದೀಪಾವಳಿವರೆಗೆ ನೋಡಿ ತೆಗೆಯುತ್ತೇನೆ, ಅವ್ವನಾಣೆ.

ಭಗ್ನಮನೋರಥ,
ಶರತ

~

ಗದಗ
ನವೆಂಬರ್ ೧೦, ೨೦೨೪

ಅಕ್ಕಾ,

ಅಪ್ಪ ಕಾಲು ಜಾರಿ ಬಿದ್ದ ಎಂದು ಅವ್ವ ಫೋನಿನಲ್ಲಿ ಹೇಳಿದಳಲ್ಲ. ಜಾರಿ ಬಿದ್ದದ್ದಲ್ಲ. ದವಾಖಾನಿಯ ಹೊರಗೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಕುರಿ ಹೊಡೆದುಕೊಂಡು ಹೋದವರು ಬೆಳಿಗ್ಗೆ ಕಂಡದ್ದು ಹೀಗೆ. ಕಲ್ಲು ಅಡ್ಡ ಬಿದ್ದಿತ್ತು. ಅಡಿಯಲ್ಲಿ ಅಪ್ಪನ ಬಲಗಾಲು. ಪಕ್ಕದಲ್ಲಿ ನಮ್ಮ ಮನೆಯ ಕಬ್ಬಿಣದ ಹಾರಿ, ಗುದ್ದಲಿ. ಕಲ್ಲಿನ ಬುಡದಲ್ಲಿ ಮೂರು ಅಡಿಯಷ್ಟು ಅಗೆದ ತಗ್ಗು.

ಮೊಣಕಾಲಿನ ಚಿಪ್ಪು ಪುಡಿಯಾಗಿದೆ. ಕಾಲು ಉಳಿಯುತ್ತದೆ, ಮಡಚುವುದಿಲ್ಲ ಎಂದರು ಡಾಕ್ಟರು. ಮಡಚದ ಕಾಲನ್ನು ಮಗ್ಗದ ಕುಣಿಗೆ ಇಳಿಸುವುದು ಹೇಗೆ ಎಂದು ಅವ್ವ ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಮಾಡಿಸಲಿಲ್ಲ.

ಪೊಲೀಸ್ ಒಬ್ಬ ಬಂದಿದ್ದ. ಅಪ್ಪ ಅವನ ಮುಂದೆ ಹೇಳಿದ, “ಹೌದ್ರಿ ಸಾಹೇಬ್ರ, ಅಗೀಲಿಕ್ಕೆ ಹೋಗಿದ್ದೆ. ಆಸೆ ಆತು.” ನಾನು ಮಂಚದ ಕಾಲಬುಡದಲ್ಲೇ ನಿಂತಿದ್ದೆ. ಈ ವಯಸ್ಸಿನಲ್ಲಿ ಇದೇನು ಅಜ್ಜಾ ಎಂದು ಪೊಲೀಸ ಬೈದು ಹೋದ.

ಎರಡನೆಯ ಪ್ಯಾರಾ ಬರೆದವಳು ಕೇಳಿದ ವಿವರ: ನವೆಂಬರ್ ಆರು, ಬುಧವಾರ.

ಶರತ

~

ಪುಣೆ
ಡಿಸೆಂಬರ್ ೨೦, ೨೦೨೪

ಶರತ,

ನಾಲ್ಕು ದಿನ ಮನೆಯಲ್ಲಿದ್ದೆ, ನೀನು ಮುಖ ಕೊಡಲಿಲ್ಲ. ನಾನೂ ಕೊಡಲಿಲ್ಲ ಅನ್ನು. ಅಪ್ಪ ಒಂದು ಸಲವೂ ಕಾಲಿನ ಮಾತೆತ್ತದೆ, ಪುಣೆಯಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ ಎಂದು ಕೇಳುತ್ತಿದ್ದ.

ಬಂದ ಮೇಲೆ ನಾನು ಮಾಡಿದ್ದನ್ನು ನಿನಗೆ ಹೇಳಬೇಕು. ಬೇರೆ ಯಾರಿಗೆ ಹೇಳಲಿ. ಹಳೆಯ ಊಹೆಯನ್ನು ಕಣ್ಣಾರೆ ಕಂಡ ಘಟನೆಯಿಂದ ತಿದ್ದುವ ಕ್ರಮವೊಂದಿದೆ. ಒಂದು ಎಚ್ಚರಿಕೆಯ ಕಲ್ಲು, ಮೂರು ತಿಂಗಳು, ಒಂದು ಅಗೆತ. ಅದನ್ನು ಸೇರಿಸಿ ಮತ್ತೆ ಓಡಿಸಿದೆ. ಎಣಿಕೆ ಗೆರೆಯನ್ನು ದಾಟಿತು. ಸ್ವಲ್ಪ ಅಲ್ಲ, ಚೆನ್ನಾಗಿಯೇ ದಾಟಿತು.

ಮೂರಡಿ ಅಗೆದವನಿಂದ ಆಳದ ಬಂಡೆಗೆ ಏನು ಕೇಡು ಎಂದು ಮುಖ್ಯಸ್ಥರು ವಾದ ಹೂಡಿದರು. ಇವತ್ತು ಹಾರಿ ಹಿಡಿದ ಕೈ ನಾಳೆ ಬೋರ್‌ವೆಲ್ ಲಾರಿ ತರುತ್ತದೆ ಅಂದೆ. ಪರಿಶೀಲನಾ ಸಮಿತಿಯವರು ನನ್ನ ಮಾತು ಕೇಳಿದರು. ನಾಲ್ಕನೆಯ ಸ್ಥಳವನ್ನು ಸದ್ಯಕ್ಕೆ ತಡೆಹಿಡಿದಿದ್ದಾರೆ.

ಕೋಷ್ಟಕದಲ್ಲಿ ಅಪ್ಪನ ಹೆಸರಿಲ್ಲ. ‘ಸ್ಥಳೀಯ, ಪುರುಷ, ೫೮’ ಎಂದಿದೆ. ಕಲ್ಲನ್ನು ಇಟ್ಟವರು ಯಾರು ಎಂದು ಕೇಳಿದರು, ಗೊತ್ತಿಲ್ಲ ಅಂದೆ.

ನೀನು ಗೆದ್ದಿದ್ದೀಯ. ಕಲ್ಲು ನಿನ್ನದೆಂದು ಅಪ್ಪನಿಗೆ ಹೇಳಬೇಡ. ನಮ್ಮ ಮಾತಿಗೆ ಸಿಕ್ಕು ಕಾಲು ಕಳೆದುಕೊಂಡೆ ಎಂದು ಅವನಿಗೆ ಗೊತ್ತಾಗಬಾರದು.

ರತ್ನಾ

~

ಗಜೇಂದ್ರಗಡ
ಜನವರಿ ೧೯, ೨೦೨೫

ಸ್ಥಳೀಯ, ಪುರುಷ, ೫೮ ಇವರ ಹಿರಿಯ ಮಗಳಿಗೆ,

ಗೆದ್ದವನ ವರದಿ ಒಪ್ಪಿಸಿಕೊಳ್ಳುವುದು.

ಅಪ್ಪನಿಗೆ ಈಗ ಊರಲ್ಲಿ ಹೊಸ ಹೆಸರು ಬಂದಿದೆ: ಕೊಪ್ಪರಿಗಿ ಹನುಮಂತಪ್ಪ. ಕಟ್ಟೆಯ ಮೇಲೆ ಕಾಲು ನೀಡಿ ಕೂತು ಕಂಡಿಕೆ ಸುತ್ತುತ್ತಾನೆ. ಮಗ್ಗದಲ್ಲಿ ಅವ್ವ ಕೂರುತ್ತಾಳೆ. ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ, ಏಳೂ ಕೊಪ್ಪರಿಗೆ ಹೊನ್ನು ಸಿಕ್ಕಿತೋ ಅಥವಾ ಒಂದೇ ಸಿಕ್ಕಿತೋ ಎಂದು. ಅಪ್ಪ ನಗುತ್ತಾನೆ. ಹಾಗೆ ನಗುವುದನ್ನು ಅವನು ಎಲ್ಲಿ ಕಲಿತನೋ, ನನಗೆ ಗೊತ್ತಿಲ್ಲ.

ಬಣ್ಣದ ನೂಲಿನ ವಿಷಯಕ್ಕೆ ಇಬ್ಬರು ನೇಕಾರರಿಗೆ ಜಗಳವಾಯಿತು, ಹೋದ ವಾರ. ನ್ಯಾಯಕ್ಕೆ ಅಪ್ಪನ ಬದಲು ಗುರುಸಂಗಪ್ಪನವರನ್ನು ಕರೆದರು. ಆ ಮನುಷ್ಯ ನಮ್ಮ ಮನೆಯ ಮುಂದಿನಿಂದಲೇ ತಲೆ ತಗ್ಗಿಸಿ ನಡೆದುಹೋದ. ಅಪ್ಪ ಕಂಡಿಕೆ ಬದಲಿಸುತ್ತ ನೋಡಿಯೂ ನೋಡದವನಂತಿದ್ದ.

ಅವ್ವ ಅಪ್ಪನೊಡನೆ ಮಾತು ಬಿಟ್ಟಿದ್ದಾಳೆ. ಇಷ್ಟು ವರ್ಷ ಬಾಳ್ವೆ ಮಾಡಿ ನಿಮ್ಮ ಮನಸ್ಸು ಬಂಗಾರದ ಮೇಲಿತ್ತೇ ಎಂದು ಒಮ್ಮೆ ಕೇಳಿದಳು. ಆಮೇಲೆ ತಾಟು ಮುಂದಿಡುವುದಷ್ಟೇ.

ನಿನ್ನ ಕೋಷ್ಟಕದಲ್ಲಿ ಇದಕ್ಕೂ ಸಾಲುಗಳಿವೆಯೇ? ಹೂಳುವ ವಿದ್ಯೆ ನಿಮಗೆ ಚೆನ್ನಾಗಿ ಬರುತ್ತದೆ ಅಕ್ಕಾ. ಅಪ್ಪನನ್ನು ಹೆಸರಿಲ್ಲದೆ ಹೂಳಿದ್ದೀಯ. ಮೇಲೆ ಒಂದು ಕಲ್ಲೂ ಇಲ್ಲ.

ವಿಜಯಶಾಲಿ,
ಶರತ

~

ಗಜೇಂದ್ರಗಡ
ಫೆಬ್ರುವರಿ ೨೩, ೨೦೨೫

ಅಕ್ಕಾ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುವಂಥದ್ದು ಅದರಲ್ಲಿರಲಿಲ್ಲ. ಇದನ್ನು ಓದು.

ನಿನ್ನೆ ಅವ್ವ ಸಂತೆಗೆ ಹೋಗಿದ್ದಳು. ನಾನು ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ತಡೆಯಲಾಗಲಿಲ್ಲ. ಕಲ್ಲು ನನ್ನದು ಎಂದು ಹೇಳಿಬಿಟ್ಟೆ. ನೀನು ಬೇಡವೆಂದಿದ್ದೆ, ಗೊತ್ತು.

ಅಪ್ಪ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. “ಗೊತ್ತದ,” ಅಂದ.

ಯಾವಾಗಿನಿಂದ ಎಂದು ಕೇಳಿದೆ.

“ನೋಡಿದ ದಿನಾನ. ‘ಎಲೈ ಮುಂಬರುವ ಮಾನವನೇ’ ಅಂತ. ಊರಾಗ ಅಂಥಾ ಕನ್ನಡಾ ಬರಿಯಾಂವ ಮತ್ತ್ಯಾರದಾರೋ?”

ಮತ್ತೆ ಅಗೆಯಲು ಏಕೆ ಹೋದೆ ಎಂದೆ. ಆಗ ಕೈ ನಿಲ್ಲಿಸಿ ನನ್ನನ್ನು ನೋಡಿದ.

“ನಾ ಅಗೀಲಿಕ್ಕೆ ಎಲ್ಲಿ ಹೋಗಿದ್ದ್ಯೋ? ಕಿತ್ತು ಹಾಕಾಕ ಹೋಗಿದ್ದೆ.”

ರೋಣದವರು ಕಲ್ಲಿನ ಬಗ್ಗೆ ಕೇಳುತ್ತಿದ್ದಾರೆ ಎಂದು ಅಪ್ಪನಿಗೂ ಗೊತ್ತಾಗಿತ್ತಂತೆ. ಅವರು ಅಗೆದು ಸಿಕ್ಕಿಬಿದ್ದರೆ ಕಲ್ಲನ್ನು ಇಟ್ಟವರು ಯಾರೆಂಬ ವಿಚಾರಣೆ ಬರುತ್ತದೆ. ಕಾಶೀಂಸಾಬ ಹೇಳುತ್ತಾನೆ, ರಿಯಾಜ ಹೇಳುತ್ತಾನೆ, ನನ್ನನ್ನು ಒಯ್ಯುತ್ತಾರೆ. ನನಗೆ ಹೇಳಿದರೆ ನಾನು ಅದನ್ನೂ ಒಂದು ಆಟ ಮಾಡುತ್ತೇನೆ. ಹಾಗೆಂದು ನಸುಕಿನಲ್ಲಿ ತಾನೇ ಹೋದ. ಬುಡ ಸಡಿಲಿಸಲು ಸುತ್ತ ಅಗೆದ. ನಾವು ಆ ಕಲ್ಲನ್ನು ಬಹಳ ಆಳಕ್ಕೆ ನಿಲ್ಲಿಸಿದ್ದೆವು ಅಕ್ಕಾ. ರಿಯಾಜ ಸಾಕು ಅಂದರೂ ನಾನು ಇನ್ನೊಂದಿಷ್ಟು ಎಂದಿದ್ದೆ. ಹಾರಿ ಹಾಕಿ ಮೀಟಿದಾಗ ಅದು ಅಪ್ಪನ ಕಡೆಗೇ ಬಿತ್ತು.

ನಿಧಿಗೆ ಹೋಗಿದ್ದೆ ಎಂದು ಪೊಲೀಸನ ಮುಂದೆ ಯಾಕೆ ಹೇಳಿದೆ ಎಂದು ಕೇಳಿದೆ.

“ಕೈಯಾಗ ಹಾರಿ ಇತ್ತು, ಕಾಲಮ್ಯಾಲ ಕಲ್ಲಿತ್ತು. ಮತ್ತೇನ್ ಹೇಳ್ಬೇಕಿತ್ತು, ಮಗಂದು ಅಂತನ?”

ಅವ್ವನಿಗಾದರೂ ಹೇಳಬಹುದಿತ್ತು ಎಂದೆ. ಆಕೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಾಳೆಯೇ ಓಣಿಗೆಲ್ಲ ಗೊತ್ತಾಗುತ್ತದೆ ಅಂದ. ಮತ್ತೆ ನೂಲು ಹಿಡಿದ.

ನಿನ್ನ ಲೆಕ್ಕ ತಪ್ಪಾಗಿದೆ. ಅಲ್ಲಿ ಯಾರೂ ಆಸೆಪಟ್ಟು ಅಗೆದಿಲ್ಲ. ನಾಲ್ಕನೆಯ ಸ್ಥಳ ನಮ್ಮ ಗುಡ್ಡವಾಗಿದ್ದರೆ ಆ ತಪ್ಪನ್ನು ಹಾಗೇ ಇರಿಸು. ಅಲ್ಲವಾಗಿದ್ದರೆ ನಿನ್ನಿಷ್ಟ.

ಶರತ

~

ಪುಣೆ
ಮಾರ್ಚ್ ೧೪, ೨೦೨೫

ಶರತ,

ಕೋಷ್ಟಕದಿಂದ ಆ ಸಾಲನ್ನು ತೆಗೆದೆ.

ನಮ್ಮ ಗುಡ್ಡವಾಗಿದ್ದರೂ ತೆಗೆಯುತ್ತಿದ್ದೆ. ಇಷ್ಟೇ ಹೇಳಬಲ್ಲೆ, ಇದರಿಂದ ಏನನ್ನೂ ಊಹಿಸಬೇಡ. ಬೇಕಾದ ಉತ್ತರ ಬರುತ್ತದೆಂದು ಸುಳ್ಳು ಅಂಕಿಯನ್ನು ಉಳಿಸಿಕೊಂಡರೆ, ನನ್ನ ಚೀಟಿಯನ್ನು ಕಸಕ್ಕೆ ಹಾಕಿದವರಿಗೂ ನನಗೂ ಏನು ವ್ಯತ್ಯಾಸ? ಹೀಗೆಂದುಕೊಂಡು ಸಮಿತಿಯ ಮುಂದೆ ನಿಂತೆ. ಆ ಘಟನೆ ಅಗೆತವಲ್ಲ, ಕಲ್ಲನ್ನು ತೆಗೆಯುವ ಯತ್ನ, ನನ್ನ ಮಾಹಿತಿ ತಪ್ಪಾಗಿತ್ತು, ಕ್ಷಮಿಸಬೇಕು ಎಂದೆ. ತೆಗೆದವನಿಗೆ ಯಾವ ಕಾರಣ ಎಂದು ಒಬ್ಬರು ಕೇಳಿದರು. ಮನೆಯ ಕಾರಣ ಅಂದೆ.

ಮುಖ್ಯಸ್ಥರು ಎದ್ದು ನಿಂತು ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಶ್ರೀಖಂಡ ಇತ್ತು.

ಹಳೆಯ ಸರಾಸರಿ ಮರಳಿ ಬಂದಿದೆ. ಗೆರೆಯ ಎಷ್ಟೋ ಕೆಳಗಿದೆ. ಸ್ಥಳ ಪಾಸು. ಅಂತಿಮ ವರದಿಯಲ್ಲಿ ನನ್ನ ಸಹಿಯೂ ಇದೆ, ಈ ವಾರ ಮೇಲಕ್ಕೆ ಹೋಗುತ್ತದೆ.

ಅಪ್ಪ ಅಗೆಯಲು ಹೋಗಿರಲಿಲ್ಲ ಎಂದು ಒಂದು ಸರಕಾರಿ ಕಾಗದದಲ್ಲಿ ಈಗ ದಾಖಲಾಗಿದೆ. ಅದನ್ನು ಓದುವವರು ಹನ್ನೊಂದು ಜನ. ಅವರಲ್ಲಿ ಯಾರಿಗೂ ಅಪ್ಪನ ಹೆಸರು ಗೊತ್ತಿಲ್ಲ.

ರತ್ನಾ

~

ಗಜೇಂದ್ರಗಡ
ಏಪ್ರಿಲ್ ೨೭, ೨೦೨೫

ಅಕ್ಕಾ,

ಹನ್ನೊಂದು ಜನ ಎಂದು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಊರಿಗೂ ಗೊತ್ತಾಗಲಿ ಎನಿಸಿತು. ನನಗೆ ಬರುವ ವಿದ್ಯೆ ಒಂದೇ. ಹತ್ತು ಅಡಿಯ ಫ್ಲೆಕ್ಸ್ ಮಾಡಿಸಿ ಬಸ್ ಸ್ಟ್ಯಾಂಡಿನ ಮುಂದೆ ಕಟ್ಟಿದೆ. ಈ ಸಲ ಎಲೈ ಗಿಲೈ ಏನೂ ಬರೆಯಲಿಲ್ಲ: “ಗುಡ್ಡದ ಹಿಂದಿನ ಕಲ್ಲು ನಾನು ಇಟ್ಟದ್ದು. ಅಲ್ಲಿ ನಿಧಿ ಇಲ್ಲ. ನನ್ನ ತಂದೆ ಹನುಮಂತಪ್ಪ ನಿಧಿಗಾಗಿ ಅಗೆದಿಲ್ಲ. ಯಾರೂ ಅಲ್ಲಿಗೆ ಹೋಗಬೇಡಿ.” ಕೆಳಗೆ ನನ್ನ ಹೆಸರು, ಫೋಟೋ.

ಮೊದಲ ದಿನ ಜನ ನಿಂತು ಓದಿ ನಕ್ಕರು. ಮುಂದಿನ ತಮಾಷೆ ಏನಪ್ಪಾ ಎಂದು ಬೆನ್ನು ತಟ್ಟಿದರು. ಕಾಶೀಂಸಾಬ ಕಾಕಾನನ್ನು ಹೊಟೇಲಿಗೆ ಕರೆದೊಯ್ದು ಎಲ್ಲರ ಮುಂದೆ ಸಾಕ್ಷಿ ಹೇಳಿಸಿದೆ. ಕಾಕಾನಿಗೆ ಎಷ್ಟು ಕೊಟ್ಟೆ ಎಂದು ಕೇಳಿದರು. ತಂದೆಯ ಮಾನ ಉಳಿಸಲು ಮಗ ಬುದ್ಧಿ ಓಡಿಸಿದ್ದಾನೆ, ತಪ್ಪೇನಿಲ್ಲ ಎಂದು ಗುರುಸಂಗಪ್ಪನವರು ತೀರ್ಪು ಕೊಟ್ಟರು. ಇಷ್ಟು ವರ್ಷ ನಾನು ಆಡಿದ ಒಂದು ಮಾತನ್ನೂ ಯಾರೂ ಖರೇ ಎಂದು ತಿಳಿದಿರಲಿಲ್ಲ. ಈಗಲೇ ಯಾಕೆ ತಿಳಿಯುತ್ತಾರೆ.

ಎರಡನೆಯ ದಿನ ನಗು ನಿಂತಿತು. ಮೂರನೆಯ ದಿನ ಬೇರೆ ಮಾತು ಶುರುವಾಯಿತು. ಏನೂ ಇಲ್ಲದಿದ್ದರೆ ಹತ್ತು ಅಡಿಯ ಬೋರ್ಡು ಯಾಕೆ? ಹೋಗಬೇಡಿ ಎಂದು ಯಾಕೆ ಬರೆದ? ಹನುಮಂತಪ್ಪ ಅರ್ಧ ಅಗೆದು ಬಿಟ್ಟಿದ್ದಾನೆ, ಉಳಿದದ್ದನ್ನು ಮಗ ತೆಗೆಯಬೇಕೆಂದಿದ್ದಾನೆ.

ಈಗ ಗುಡ್ಡದ ಹಿಂದೆ ಎಲ್ಲಿ ನೋಡಿದರೂ ತಗ್ಗು. ನಮ್ಮೂರವರು, ಪುರ್ತಗೇರಿಯವರು, ಕೊಣ್ಣೂರಿನಿಂದ ಮೋಟರ್‌ಸೈಕಲ್ ಮೇಲೆ ಬಂದವರು. ರೋಣದ ಒಬ್ಬ ವ್ಯಾಪಾರಿ ಬೋರ್‌ವೆಲ್ ಲಾರಿಯನ್ನೇ ತರಿಸಿದ್ದಾನೆ. ನೀರಿಗೆ ಎನ್ನುತ್ತಾನೆ. ಆ ಬೋಳು ನೆಲದಲ್ಲಿ ನೀರು ಕುಡಿಯುವವರು ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ. ಪೊಲೀಸರು ಬಂದರೆ ಲಾರಿ ಸುಮ್ಮನಾಗುತ್ತದೆ. ಹೋದರೆ ಕೊರೆಯುತ್ತದೆ. ಫ್ಲೆಕ್ಸನ್ನು ಬಿಚ್ಚಿ ತಂದೆ. ಅದನ್ನು ಬಿಚ್ಚಿದ್ದಕ್ಕೂ ಅವರಿಗೊಂದು ಅರ್ಥ ಸಿಕ್ಕಿತು.

ನಿನ್ನೆ ಸಂಜೆ ಅಪ್ಪ ತಾನೂ ನೋಡಬೇಕೆಂದ. ಕಾಲು ಮಡಚದ್ದರಿಂದ ರಿಯಾಜನ ಟೆಂಪೋದ ಹಿಂದೆ ಕೂರಿಸಿ ಕರೆದೊಯ್ದೆವು. ಅಪ್ಪ ಬಹಳ ಹೊತ್ತು ನೋಡಿದ. ಒಬ್ಬ ತಗ್ಗಿನೊಳಗಿಂದಲೇ ಕೂಗಿ, ಹನುಮಂತಣ್ಣಾ, ನಿನಗ ಎಷ್ಟು ಆಳದಾಗ ಸಿಕ್ಕಿತ್ತು ಎಂದು ಕೇಳಿದ. ಅವನು ಚೇಷ್ಟೆಗೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ.

ಅಪ್ಪ ಟೆಂಪೋ ತಿರುಗಿಸಲು ರಿಯಾಜನಿಗೆ ಕೈ ಮಾಡಿದ. ತಿರುಗಿ ಬರುವಾಗ ನನ್ನನ್ನು ಕೇಳಿದ, “ರತ್ನಾಗ ಇದನ್ನ ಬರೀತಿ ಏನು?”

ಬರೆಯುತ್ತೇನೆ ಎಂದೆ. ನಿನ್ನ ಸಮಿತಿಯ ಕಥೆಯನ್ನು ಅವನಿಗೆ ಮೊದಲೇ ಹೇಳಿದ್ದೆ.

“ಬ್ಯಾಡ ಬಿಡು. ಅಕಿ ಒಮ್ಮೆ ತಪ್ಪಾತು ಅಂತ ಕೈ ಮುಗದು ಬಂದಾಳ. ಮತ್ತ ಹೋಗಿ, ಇಲ್ರಿ, ಖರೇನ ಅಗ್ಯಾಕ ಹತ್ಯಾರ ಅಂದ್ರ ಯಾರು ಕೇಳ್ತಾರ? ಅಕೀನೂ ನಿನ್ನಂಥಾಕಿನ ಅಂತಾರ.”

ಬರೆದಿದ್ದೇನೆ. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಇವತ್ತು ಪೊಲೀಸರು ಬಂದಿಲ್ಲ. ಅವ್ವ ಮಗ್ಗ ನಿಲ್ಲಿಸಿದಾಗಲೆಲ್ಲ ಲಾರಿಯ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ.

ಶರತ